ದೀರ್ಘ ತಪ್ಪಿದ ಅಂಗಿ

ಗಣೇಶನ ಹಬ್ಬಕ್ಕೆ ಒಂದು ಬ್ಯಾನರ್ ಮಾಡಿಕೊಟ್ಟದ್ದೇ ನನ್ನ ತಪ್ಪು. ಅದರಲ್ಲಿ ಕೈಚಳಕವೇನೂ ಇರಲಿಲ್ಲ. ಸಿಕ್ಕಿದ ಗಣಪತಿಯನ್ನು ಎಡಕ್ಕೆ ಕೂರಿಸಿ, ಬಲಕ್ಕೆ ‘ಸರ್ವರಿಗೂ ಸ್ವಾಗತ’ ಎಂದು ಬರೆದು, ಮೇಲೊಂದು ಮಾವಿನ ತೋರಣ ಎಳೆದಿದ್ದೆ, ಅಷ್ಟೆ. ಮರುದಿನದಿಂದ ನಮ್ಮ ಗುಂಪಿನಲ್ಲಿ ನಾನು ಕಲಾವಿದ. ಪರದೇಶದ ಕನ್ನಡಿಗರ ಗುಂಪುಗಳಲ್ಲಿ ಹುದ್ದೆ ಹಂಚುವ ರೀತಿಯೇ ಹೀಗೆ. ಒಂದು ಸಲ ಪುಳಿಯೋಗರೆ ಚೆನ್ನಾಗಿ ಬಂತೆಂದರೆ ಆಕೆ ಜೀವಮಾನವಿಡೀ ಪುಳಿಯೋಗರೆಯೇ ತರಬೇಕು. ಒಂದು ಸಲ ಮೈಕ್ ಹಿಡಿದವನು ಹಲ್ಲು ಉದುರುವ ತನಕ ನಿರೂಪಣೆ ಮಾಡಬೇಕು.

ನಾವಿರುವುದು ಐರ್ಲೆಂಡಿನಲ್ಲಿ, ಡಬ್ಲಿನ್ನಿನಿಂದ ಮುಕ್ಕಾಲು ಗಂಟೆ ದೂರದ ಒಂದು ಪುಟ್ಟ ಊರಿನಲ್ಲಿ. ಒಂದು ದೊಡ್ಡ ಬೀದಿ, ಒಂದು ಚರ್ಚು, ಊರಿನ ಗಾತ್ರಕ್ಕೆ ಸ್ವಲ್ಪ ಹೆಚ್ಚೇ ಎನ್ನುವಷ್ಟು ಪಬ್ಬು. ಪ್ರತಿವರ್ಷ ಮಾರ್ಚ್ 17ಕ್ಕೆ ಈ ಬೀದಿಯಲ್ಲಿ ಸೇಂಟ್ ಪ್ಯಾಟ್ರಿಕ್ಕನ ಮೆರವಣಿಗೆ. ಟೀವಿಯಲ್ಲಿ ಬರುವುದು ಡಬ್ಲಿನ್ನಿನ ಮೆರವಣಿಗೆ. ಪಾರ್ನೆಲ್ ಚೌಕದಲ್ಲಿ ಹೊರಟು ಒಕಾನೆಲ್ ಬೀದಿ ಹಿಡಿದು ಪ್ಯಾಟ್ರಿಕ್ಕನ ಕೆಥೆಡ್ರಲ್ ಕಡೆಗೆ ಹೋಗುವಂಥದ್ದು. ನಮ್ಮೂರಿನದಕ್ಕೆ ಆ ಜಂಬವಿಲ್ಲ. ಮುಂದೆ ತೊಳೆದು ಒರೆಸಿದ ನಾಲ್ಕು ಟ್ರ್ಯಾಕ್ಟರು, ಹಿಂದೆ ಹರ್ಲಿಂಗ್ ಆಟದ ಕೋಲು ಹಿಡಿದ ಹುಡುಗರು, ಕೈ ಆಡಿಸದೆ ಕುಣಿಯುವ ಹುಡುಗಿಯರು, ಕೊನೆಗೊಂದು ಬೆಂಕಿ ಆರಿಸುವ ಲಾರಿ. ನಮ್ಮೂರ ತೇರಿನ ಹಿಂದೆ ಕಡಲೆಪುರಿ ಗಾಡಿ ಬರುವಂತೆ ಇಲ್ಲಿ ಚಿಪ್ಸ್ ವ್ಯಾನ್ ಬರುತ್ತದೆ.

ಈ ಸಲ ಸಮಿತಿಯವರು ಕನ್ನಡದ ಮನೆಗಳನ್ನೂ ಕರೆದರು. ನಾವು ಮಕ್ಕಳೂ ಸೇರಿ 22 ಜನ. ಕರೆ ಬಂದ ಅರ್ಧ ಗಂಟೆಯೊಳಗೆ ವಾಟ್ಸಾಪಿನಲ್ಲಿ ನಿರ್ಣಯವಾಯಿತು: ಎಲ್ಲರಿಗೂ ಒಂದೇ ಥರದ ಟೀ ಶರ್ಟು. ಹಬ್ಬವೆಂದರೆ ಹೊಸ ಬಟ್ಟೆ, ಹಬ್ಬ ಯಾರದಾದರೇನು? ಯುಗಾದಿಯೂ ಹತ್ತಿರದಲ್ಲೇ ಇತ್ತು. ನಮ್ಮ ಖಜಾಂಚಿ ಹಾಸನದವರು, ಲೆಕ್ಕದ ಮನುಷ್ಯ. “ಒಂದೇ ಅಂಗೀಲಿ ಎರಡು ಹಬ್ಬ ಮುಗಿಸಿಬಿಡಿ” ಎಂದರು. ಡಿಸೈನು ನನ್ನ ಪಾಲಿಗೆ ಬಂತು.

ಬಣ್ಣದ ಬಗ್ಗೆ ಚರ್ಚೆಯೇ ಬೇಡ, ಹಸಿರು ಎಂದುಕೊಂಡಿದ್ದೆ. ಯಾವ ಹಸಿರು ಎಂಬ ಪ್ರಶ್ನೆ ಹೆಂಗಸರಿಂದ ಬಂತು. ಐರ್ಲೆಂಡಿನಲ್ಲಿ ನಲವತ್ತು ಬಗೆಯ ಹಸಿರಿದೆ ಎಂಬ ಮಾತು ಇಲ್ಲಿನವರ ಬಾಯಲ್ಲಿ ಓಡಾಡುತ್ತದೆ. ಪಾಪ, ಅವರು ಚಿಕ್ಕಪೇಟೆಯ ಸೀರೆ ಅಂಗಡಿ ನೋಡಿಲ್ಲ. ಗಿಳಿಹಸಿರು, ಎಲೆಹಸಿರು, ಪಾಚಿಹಸಿರು, ಮೆಹೆಂದಿ ಗ್ರೀನ್, ಬಾಟಲ್ ಗ್ರೀನ್, ಕೊನೆಗೆ ಶ್ರೀರಾಮನಿಗೂ ಅದಕ್ಕೂ ಏನು ಸಂಬಂಧವೋ ತಿಳಿಯದ ರಾಮಾ ಗ್ರೀನ್. ಐರಿಶ್ ಬಾವುಟದ ಹಸಿರಿಗೆ ಮುದ್ರಣದವರು ಪ್ಯಾಂಟೋನ್ 347 ಎಂಬ ನಂಬರು ಇಟ್ಟಿದ್ದಾರೆ. ಗುಂಪಿಗೆ ಅದನ್ನು ಹೇಳಿದೆ. “ನಂಬರ್ ಹೇಳಬೇಡಿ, ಯಾವ ಸೀರೆ ಥರ ಅಂತ ಹೇಳಿ” ಎಂದರು. ವೀಡಿಯೋ ಕಾಲಿನಲ್ಲಿ ತಿಪಟೂರಿನ ಅಮ್ಮನಿಗೆ ಸ್ಯಾಂಪಲ್ ತೋರಿಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, “ಅಲ್ಲೂ ರೈತಸಂಘ ಸೇರಿದ್ಯೇನೋ?” ಎಂದರು. ಹಸಿರು ಶಾಲು ಹೊದ್ದು ಬೆಂಗಳೂರಿಗೆ ಹೊರಡುತ್ತಿದ್ದ ಜನರನ್ನು ಕಂಡ ಕಣ್ಣು ಅದು, ತಪ್ಪೇನಿಲ್ಲ.

ಅಷ್ಟರಲ್ಲಿ ಗುಂಪಿನ ಒಬ್ಬ ಓದಾಳಿ ಹುಳ ಬಿಟ್ಟ: ಪ್ಯಾಟ್ರಿಕ್ಕನ ನಿಜವಾದ ಬಣ್ಣ ನೀಲಿ! ಅವನ ಮಾತಿನಲ್ಲಿ ಹುರುಳಿತ್ತು. 1783ರಲ್ಲಿ ಮೂರನೇ ಜಾರ್ಜ್ ದೊರೆ ಪ್ಯಾಟ್ರಿಕ್ಕನ ಹೆಸರಿನಲ್ಲಿ ಒಂದು ಬಿರುದಿನ ಪಂಗಡ ಕಟ್ಟಿದಾಗ ಅದಕ್ಕೆ ಆರಿಸಿದ್ದು ತಿಳಿನೀಲಿ. ಇವತ್ತಿಗೂ ಐರ್ಲೆಂಡಿನ ಲಾಂಛನದಲ್ಲಿ ಬಂಗಾರದ ಹಾರ್ಪ್ ವಾದ್ಯದ ಹಿಂದಿರುವುದು ನೀಲಿಯೇ. ಹಸಿರು ಮೇಲೆ ಬಂದದ್ದು ಬ್ರಿಟಿಷರನ್ನು ಎದುರಿಸಿದವರಿಂದ. 1798ರ ಬಂಡಾಯಗಾರರು ಹಸಿರು ತೊಟ್ಟು ಅದನ್ನು ನಾಡಿನ ಬಣ್ಣ ಮಾಡಿಬಿಟ್ಟರು. ದೊರೆಗಳ ಬಣ್ಣ ಲಾಂಛನದಲ್ಲಿ ಉಳಿಯಿತು, ಜನ ಹಿಡಿದ ಬಣ್ಣ ಬೀದಿಯಲ್ಲಿ ಉಳಿಯಿತು. ಮೆರವಣಿಗೆ ಬೀದಿಯದು, ಆದ್ದರಿಂದ ಹಸಿರೇ ಸರಿ ಎಂದು ತೀರ್ಪು ಕೊಟ್ಟೆ. ಷಿಕಾಗೋದಲ್ಲಿರುವ ನನ್ನ ಭಾವಮೈದನಂತೂ ಇನ್ನೊಂದು ಮಾತು ಸೇರಿಸಿದ. ಅವನ ಊರಿನಲ್ಲಿ 1962ರಿಂದ ಈ ಹಬ್ಬಕ್ಕೆ ಹೊಳೆಗೇ ಹಸಿರು ಬಣ್ಣ ಕಲಸುತ್ತಾರೆ. ಶುರು ಮಾಡಿದವರು ಕೊಳಾಯಿ ಕೆಲಸದವರ ಸಂಘ. ಕೊಳಚೆ ಎಲ್ಲಿಂದ ಹೊಳೆಗೆ ಸೇರುತ್ತಿದೆ ಎಂದು ಪತ್ತೆಹಚ್ಚಲು ಬಳಸುತ್ತಿದ್ದ ಬಣ್ಣವನ್ನೇ ಹಬ್ಬಕ್ಕೂ ಬಳಸಿದರು. ತಮಾಷೆಯೆಂದರೆ ಆ ಪುಡಿ ನೋಡಲು ಕಿತ್ತಳೆ, ನೀರಿಗೆ ಬಿದ್ದ ಮೇಲೆ ಹಸಿರು. ನಮ್ಮ ಅರಿಶಿನಕ್ಕೆ ಸುಣ್ಣ ತಗುಲಿ ಕೆಂಪಾದಂತೆ.

ಬಣ್ಣದ ನಂತರ ಚಿತ್ರ. ಶ್ಯಾಮ್‌ರಾಕ್ ಎಲೆ ಬರೆದು ಕಳಿಸಿದೆ. ಚೆನ್ನಾಗಿರಲೆಂದು ನಾಲ್ಕು ದಳ ಬರೆದಿದ್ದೆ. ಪಕ್ಕದ ಮನೆಯ ಐರಿಶ್ ಅಜ್ಜಿ ಬೇಲಿಯಾಚೆಯಿಂದಲೇ ನನ್ನ ಫೋನು ನೋಡಿ ತಲೆಯಾಡಿಸಿದರು. ನಾಲ್ಕು ದಳದ್ದು ಅದೃಷ್ಟದ ಎಲೆ, ಲಾಟರಿ ಚೀಟಿಗೆ ಹಾಕು. ಪ್ಯಾಟ್ರಿಕ್ಕನದು ಮೂರೇ ದಳ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ಎಂಬುದನ್ನು ಆತ ಮೂರು ದಳದ ಎಲೆ ಹಿಡಿದು ಜನಕ್ಕೆ ವಿವರಿಸಿದ ಎಂಬುದು ಕಥೆ. ಆತ ಬದುಕಿದ್ದು 5ನೇ ಶತಮಾನ, ಈ ಕಥೆ ಬರಹಕ್ಕೆ ಬಂದದ್ದು 18ನೇ ಶತಮಾನದಲ್ಲಿ. ಇರಲಿ, ಕಥೆಗೆ ವಯಸ್ಸು ಕೇಳಬಾರದು. ನಮ್ಮ ಗುಂಪಿನ ಹಿರಿಯರೊಬ್ಬರು ಮೂರು ದಳ ಎಂದ ಕೂಡಲೇ, “ಹಾಗಾದರೆ ಬಿಲ್ವಪತ್ರೆಯೇ ಬರೆದುಬಿಡಪ್ಪ, ಶಿವನಿಗೂ ಸಂದಿತು” ಎಂದರು. ಅವರ ಮನೆಯವರು ಅದು ಬಿಲ್ವ ಅಲ್ಲವೇ ಅಲ್ಲ, ಹೊಲದ ಬದುವಿನ ಪುಲ್ಲಂಪುರಚಿ ಸೊಪ್ಪು, ತಂಬುಳಿ ಮಾಡಬಹುದು ಎಂದರು.

ನಗುವ ಹಾಗಿಲ್ಲ. ಯಾವ ಗಿಡ ನಿಜವಾದ ಶ್ಯಾಮ್‌ರಾಕ್ ಎಂಬುದು ಐರಿಶ್ ಜನಕ್ಕೂ ಇತ್ಯರ್ಥವಾಗಿಲ್ಲ. 1893ರಲ್ಲಿ ನೇಥನಿಯಲ್ ಕೋಲ್ಗನ್ ಎಂಬ ಸಸ್ಯಪ್ರೇಮಿ ನಾಡಿನ ನಾನಾ ಕಡೆಯ ಜನರಿಂದ ‘ನಿಮ್ಮ ಶ್ಯಾಮ್‌ರಾಕ್ ಕಳಿಸಿ’ ಎಂದು ತರಿಸಿಕೊಂಡು, ಬಂದವನ್ನೆಲ್ಲ ನೆಟ್ಟು, ಹೂ ಬಿಡುವ ತನಕ ಕಾದು ನೋಡಿದ. ಒಂದೇ ಗಿಡ ಅಂದುಕೊಂಡದ್ದು ನಾಲ್ಕಾಗಿತ್ತು. 1988ರಲ್ಲಿ ಚಾರ್ಲ್ಸ್ ನೆಲ್ಸನ್ ಎಂಬ ಸಸ್ಯಶಾಸ್ತ್ರಜ್ಞ ಮತ್ತೆ ಅದೇ ಪರೀಕ್ಷೆ ಮಾಡಿದಾಗಲೂ ಜನ ಒಮ್ಮತಕ್ಕೆ ಬಂದಿರಲಿಲ್ಲ. ಮೂರು ದಳ, ಸಣ್ಣದು, ಎಳೆಯದು, ಅಷ್ಟಿದ್ದರೆ ಸಾಕು. ಒಂದು ದಳ ಅಳಿಸಿ ನಾನು ತಿದ್ದಿ ಬರೆದದ್ದರಲ್ಲಿ ಅಷ್ಟು ಇತ್ತು.

ಹಾರ್ಪ್ ಹಾಕೋಣವೆಂದರೆ ಅದಕ್ಕೆ ಮುಖ ಯಾವ ಕಡೆ ಎಂಬ ತಕರಾರು. ಟ್ರಿನಿಟಿ ಕಾಲೇಜಿನಲ್ಲಿರುವ ಹಳೆಯ ಹಾರ್ಪನ್ನು ನೋಡಿ ಗಿನ್ನೆಸ್ ಬಿಯರಿನವರು 1876ರಲ್ಲೇ ತಮ್ಮ ಮುದ್ರೆಯಾಗಿ ನೋಂದಾಯಿಸಿಕೊಂಡಿದ್ದರು. ಆಮೇಲೆ ಹುಟ್ಟಿದ ಸ್ವತಂತ್ರ ಸರ್ಕಾರದ ಲಾಂಛನದಲ್ಲಿ ಅದೇ ಹಾರ್ಪ್ ಇನ್ನೊಂದು ಕಡೆಗೆ ಮುಖ ಮಾಡಿದೆ. ಎಡಬಲ ತಪ್ಪಿದರೆ ಸರ್ಕಾರ ಹೋಗಿ ಬಿಯರು ಬರುತ್ತದೆ. ನನ್ನ ಕೈಯ ಮೇಲೆ ನನಗೆ ನಂಬಿಕೆ ಇರಲಿಲ್ಲ, ಹಾರ್ಪ್ ಕೈಬಿಟ್ಟೆ. ಲೆಪ್ರಕಾನ್ ಎಂಬ ಕುಳ್ಳ ಯಕ್ಷನನ್ನೂ ಬಿಟ್ಟೆ. ಅವನು ಮೂಲತಃ ಚಪ್ಪಲಿ ಹೊಲಿಯುವವನು, ಹಳೆಯ ವರ್ಣನೆಗಳಲ್ಲಿ ಅವನ ಕೋಟು ಕೆಂಪು. ಹಸಿರು ಕೋಟು ತೊಡಿಸಿ ಅವನನ್ನು ಬೆಳಗಿನ ತಿಂಡಿಯ ಡಬ್ಬದ ಬೊಂಬೆ ಮಾಡಿದ್ದು ಆಮೇಲಿನವರು. ಹಾವು ಬರೆಯೋಣವೆ ಎಂದರೆ, ಪ್ಯಾಟ್ರಿಕ್ ಹಾವುಗಳನ್ನೆಲ್ಲ ಸಮುದ್ರಕ್ಕೆ ಓಡಿಸಿದನಂತೆ. ಹಿಮಯುಗ ಮುಗಿದ ಮೇಲೆ ಈ ದ್ವೀಪಕ್ಕೆ ಹಾವು ಬಂದೇ ಇಲ್ಲ, ಓಡಿಸಲು ಇದ್ದದ್ದಾದರೂ ಏನು ಎಂದು ವಿಜ್ಞಾನಿಗಳ ಮಾತು. ಇದನ್ನು ಕೇಳಿ ಅಮ್ಮನಿಗೆ ಬಂದ ಚಿಂತೆಯೇ ಬೇರೆ: “ಹಾಗಾದ್ರೆ ನಾಗರಪಂಚಮಿಗೆ ಹಾಲು ಎಲ್ಲಿ ಎರೀತೀರೋ?”

ಇನ್ನು ಬರಹ. ‘ಕಿಸ್ ಮಿ, ಐ ಆಮ್ ಐರಿಶ್’ ಎಂಬುದು ಈ ಹಬ್ಬದ ಅಂಗಿಗಳ ಮಹಾವಾಕ್ಯ. ಅದರ ಎರಡನೇ ಭಾಗ ನಮ್ಮ ಮಟ್ಟಿಗೆ ಸುಳ್ಳು. ಮೊದಲನೇ ಭಾಗಕ್ಕೆ ನಮ್ಮ ಮನೆಯವರ ಒಪ್ಪಿಗೆ ಸಿಗುವುದಿಲ್ಲ. ‘ಹ್ಯಾಪಿ ಸೇಂಟ್ ಪ್ಯಾಟಿಸ್ ಡೇ’ ಎಂದು ಬರೆದುಕೊಂಡು ಹೋಗಿ ಅಜ್ಜಿಗೆ ತೋರಿಸಿದೆ. ಅಜ್ಜಿಯ ಮುಖ ಹುಳಿ ಹುಣಸೆ ಕಚ್ಚಿದಂತಾಯಿತು. ಪಾದ್ರಿಗ್ ಎಂಬ ಹೆಸರು ಮುದ್ದಾಗಿ ಪ್ಯಾಡಿ ಆಗುತ್ತದೆ. ಪ್ಯಾಟಿ ಎಂದರೆ ಪೆಟ್ರೀಷಿಯಾ, ಇಲ್ಲವೇ ಬನ್ನಿನ ಮಧ್ಯೆ ಇಡುವ ಮಾಂಸದ ಬಿಲ್ಲೆ. “ಈ ಅಂಗಿ ಹಾಕಿದವನು ಅಮೆರಿಕದಿಂದ ಬಂದವನು ಅಂತ ದೂರದಿಂದಲೇ ಗೊತ್ತಾಗುತ್ತೆ” ಎಂದರು. ಅಜ್ಜಿಯ ಪ್ರಕಾರ ಹಬ್ಬಕ್ಕೆ ಅಂಗಿಯೇ ಬೇಡ. ಅವರ ಕಾಲದಲ್ಲಿ ಕೋಟಿನ ಮೇಲೆ ನಿಜವಾದ ಶ್ಯಾಮ್‌ರಾಕ್ ಸೊಪ್ಪನ್ನು ಪಿನ್ನು ಚುಚ್ಚಿಕೊಂಡು ಪೂಜೆಗೆ ಹೋಗಿ ಬಂದರೆ ಹಬ್ಬ ಮುಗಿಯಿತು. ಕುಡಿತವೂ ಇರಲಿಲ್ಲ, 1927ರ ಕಾನೂನು ಆ ದಿನ ಪಬ್ಬುಗಳಿಗೆ ಬೀಗ ಹಾಕಿಸಿತ್ತು, 1960ರ ದಶಕದ ಆರಂಭದವರೆಗೂ ಅದೇ ನಡೆದಿತ್ತು. ಡಬ್ಲಿನ್ನಿನಲ್ಲಿ ಅವತ್ತು ಹೆಂಡ ಸಿಗುತ್ತಿದ್ದ ಜಾಗವೆಂದರೆ ನಾಯಿಗಳ ಪ್ರದರ್ಶನ. ಹಾಗಾಗಿ ಆ ಒಂದು ದಿನ ಊರಿನ ಗಂಡಸರಿಗೆಲ್ಲ ನಾಯಿಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತಿತ್ತಂತೆ.

ಇಂಗ್ಲಿಷೇ ಬೇಡ, ಐರಿಶ್ ಭಾಷೆಯಲ್ಲೇ ಹಾಕೋಣ ಎಂದದ್ದು ನನ್ನ ಮಗಳು. ಮೂರನೇ ಕ್ಲಾಸು, ಇಲ್ಲಿನ ಶಾಲೆಯಲ್ಲಿ ಎಲ್ಲ ಮಕ್ಕಳಂತೆ ಅವಳೂ ಐರಿಶ್ ಕಲಿಯುತ್ತಾಳೆ. ‘ಲಾ ಏಲೆ ಪಾದ್ರಿಗ್ ಸೊನ ದೀವ್’, ಅಂದರೆ ಪ್ಯಾಟ್ರಿಕ್ ಹಬ್ಬದ ಶುಭಾಶಯ ನಿಮಗೆ. ಒಬ್ಬನಿಗಾದರೆ ಕೊನೆಯ ಪದ ‘ದಿತ್’, ಹಲವರಿಗಾದರೆ ‘ದೀವ್’. ನಿನಗೆ, ನಿಮಗೆ! ಇಂಗ್ಲಿಷಿನ ‘ಯೂ’ನಲ್ಲಿ ಕರಗಿಹೋದ ಈ ಭೇದ ಇಲ್ಲಿ ಸಿಕ್ಕಿದ್ದಕ್ಕೆ ಬಸ್ಸಿನಲ್ಲಿ ತಿಪಟೂರಿನವರು ಸಿಕ್ಕಷ್ಟು ಖುಷಿಯಾಯಿತು.

ಅದರ ಕೆಳಗೆ ಕನ್ನಡದಲ್ಲೂ ಒಂದು ಸಾಲು ಇರಲಿ ಎಂದೆ. “ಇಲ್ಲಿ ಕನ್ನಡ ಯಾರು ಓದ್ತಾರೆ?” ಎಂದರು ಖಜಾಂಚಿ. ಒಂದು ಸಾಲು ಹೆಚ್ಚಾದರೆ ದುಡ್ಡು ಹೆಚ್ಚು ಎಂಬ ಭಯ ಅವರದು. ಆಗ ನಾನು ಜೇಮ್ಸ್ ಕಸಿನ್ಸ್ ಅವರನ್ನು ಸಾಕ್ಷಿಗೆ ಕರೆದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಈ ಕವಿಗೆ ಪುಟ್ಟಪ್ಪ ಎಂಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಿದ. ಭೇಷ್ ಎನ್ನುತ್ತಾರೆಂದು ಕಾದಿದ್ದವನಿಗೆ ಸಿಕ್ಕಿದ್ದು, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಬುದ್ಧಿಮಾತು. ಮುಖ ಸಪ್ಪೆಯಾಗಿದ್ದಿರಬೇಕು. ಆದರೆ ಆ ಹುಡುಗನೇ ಕುವೆಂಪು ಆದ ಕಥೆ ನಮಗೆಲ್ಲ ಗೊತ್ತು. ಕಸಿನ್ಸ್ ಹುಟ್ಟಿದ್ದು ಬೆಲ್‌ಫಾಸ್ಟಿನಲ್ಲಿ. “ಐರಿಶ್ ಮನುಷ್ಯನೇ ಕನ್ನಡದಲ್ಲಿ ಬರೀರಿ ಅಂದಿದ್ದಾನೆ, ಐರಿಶ್ ಹಬ್ಬಕ್ಕೆ ಕನ್ನಡದಲ್ಲಿ ಬರೆಯದೆ ಹೋದರೆ ಹೇಗೆ?” ಎಂದೆ. ಖಜಾಂಚಿ ಒಪ್ಪಿದರು, ಆದರೆ ಬಣ್ಣ ಒಂದೇ ಇರಬೇಕು ಎಂದರು.

ಒಂದೇ ಬಣ್ಣದ ಮರ್ಮ ಮುದ್ರಣದಂಗಡಿಗೆ ಹೋದಾಗ ತಿಳಿಯಿತು. ಊರಾಚೆಯ ಶೆಡ್ಡಿನಲ್ಲಿ ಪೋಲೆಂಡಿನಿಂದ ಬಂದವನೊಬ್ಬ ಅದನ್ನು ನಡೆಸುತ್ತಾನೆ. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ. ಅಕ್ಷರ ಇರುವ ಕಡೆ ಮಾತ್ರ ರಂಧ್ರ ತೆರೆದಿರುತ್ತದೆ, ಉಳಿದದ್ದು ಮುಚ್ಚಿರುತ್ತದೆ. ಅಂಗಿಯ ಮೇಲೆ ಅದನ್ನಿಟ್ಟು, ಮೊಸರಿನಷ್ಟು ಗಟ್ಟಿಯಾದ ಶಾಯಿ ಸುರಿದು, ರಬ್ಬರ್ ಪಟ್ಟಿಯಿಂದ ಒಂದು ಎಳೆತ. ನಮ್ಮ ಹೆಂಗಸರು ಹೊಸಿಲಿನ ಮೇಲೆ ತೂತಿನ ತಟ್ಟೆಯಿಟ್ಟು ರಂಗೋಲಿ ಪುಡಿ ಉಜ್ಜುವುದೂ ಇದೇ ವಿದ್ಯೆ. ಬಣ್ಣಕ್ಕೊಂದು ಚೌಕಟ್ಟು, ಚೌಕಟ್ಟಿಗೊಂದು ದುಡ್ಡು. ಹಸಿರು ಅಂಗಿಯ ಮೇಲೆ ಕಿತ್ತಳೆ ಬೇಕೆಂದರೆ ಅಡಿಯಲ್ಲಿ ಮೊದಲು ಬಿಳಿ ಹಾಕಬೇಕು, ಗೋಡೆಗೆ ಸುಣ್ಣ ಹೊಡೆದಂತೆ. ಇಲ್ಲದಿದ್ದರೆ ಕಿತ್ತಳೆ ಹೋಗಿ ಕೆಸರಾಗುತ್ತದೆ. ಬರಿಯ ಬಿಳಿಯಾದರೆ ಒಂದೇ ಚೌಕಟ್ಟು. ಕನಿಷ್ಠ 25 ಅಂಗಿ ಮಾಡಿಸಬೇಕು ಎಂದ. ನಾವು 22. ಮೂರು ಅಂಗಿಯ ಚಿಂತೆಯಲ್ಲಿ ಖಜಾಂಚಿ ಒಂದು ರಾತ್ರಿ ನಿದ್ದೆಗೆಟ್ಟರು.

ಎರಡು ದಿನದಲ್ಲಿ ಕರಡು ಫೋನಿಗೆ ಬಂತು. ನೋಡಿದವನಿಗೆ ಎದೆ ಧಸಕ್ಕೆಂದಿತು. ‘ಹಬ್ಬ’ ಹೋಗಿ ‘ಹಬ್‌ಬ’ ಆಗಿದೆ, ಪ್ಯಾಟ್ರಿಕ್ಕನ ಹೆಸರಿನ ಒತ್ತುಗಳೆಲ್ಲ ಕಳಚಿ ಸಾಲಾಗಿ ನಿಂತಿವೆ, ಬಾಡಿಗೆ ಮನೆ ಖಾಲಿ ಮಾಡಿದಾಗ ಬೀದಿಯಲ್ಲಿ ನಿಂತ ಪಾತ್ರೆ ಪಗಡದಂತೆ. ಅವನ ಕಂಪ್ಯೂಟರಿಗೆ ಕನ್ನಡದ ಒತ್ತು ಕಟ್ಟಲು ಬರುವುದಿಲ್ಲ. ರಾತ್ರಿ ಹನ್ನೊಂದರ ತನಕ ಕೂತು, ಅಕ್ಷರಗಳನ್ನು ಅಕ್ಷರವಾಗಿ ಬಿಡದೆ ಚಿತ್ರದ ಗೆರೆಯಾಗಿ ಬದಲಿಸಿ ಕಳಿಸಿದೆ. ಚಿತ್ರವಾದ ಮೇಲೆ ಅದನ್ನು ಯಾವ ಕಂಪ್ಯೂಟರೂ ಬಿಡಿಸಲಾರದು. ಎಲ್ಲ ಒತ್ತೂ ಸ್ವಸ್ಥಾನ ಸೇರಿದ್ದನ್ನು ಮೂರು ಸಲ ನೋಡಿ ‘ಓಕೆ’ ಎಂದು ಬರೆದು ಮಲಗಿದೆ.

ಅಂಗಿಗಳ ಪೆಟ್ಟಿಗೆ ಬಂದದ್ದು 16ರ ಸಂಜೆ. ಮಗಳು ಮೊದಲ ಅಂಗಿ ಬಿಡಿಸಿ ಹಿಡಿದು, “ಅಪ್ಪಾ, ಫದ ಎಲ್ಲಿ?” ಎಂದಳು.

ಫದ ಎಂದರೆ ಐರಿಶ್ ಸ್ವರಗಳ ಮೇಲೆ ಎಳೆಯುವ ಓರೆಗೆರೆ. ಆ ಪದದ ಅರ್ಥವೇ ‘ಉದ್ದ’. ಅಂದರೆ ನಮ್ಮ ದೀರ್ಘ! ದೀರ್ಘ ಎಂಬ ಪದದಲ್ಲಾದರೂ ಒಂದು ದೀರ್ಘವಿದೆ. ಫದ ಎಂಬ ಪದದ ಮೇಲೆ ಫದವೇ ಇಲ್ಲ. ಆದರೆ ಅದು ಅಲಂಕಾರವಲ್ಲ. ‘ಶಾನ್’ ಎಂಬ ಗಂಡಸಿನ ಹೆಸರಿನಿಂದ ಆ ಗೆರೆ ತೆಗೆದರೆ ‘ಹಳೆಯ’ ಎಂದಾಗುತ್ತದೆ. ‘ಹುಲ್ಲು’ ಎಂಬ ಪದದಿಂದ ತೆಗೆದರೆ ‘ಗಂಡಸು’. ಬಾಳೆ ಕೇಳಿದವನಿಗೆ ಬಳೆ ಕೊಟ್ಟಂತೆ, ಮಾನ ಹೋಗಿ ಮನ ಆದಂತೆ. ನಮ್ಮ ಐರಿಶ್ ಸಾಲಿನಲ್ಲಿ ಮೂರು ಫದ ಇರಬೇಕಿತ್ತು. ನನ್ನ ಕೀಬೋರ್ಡಿನಲ್ಲಿ ಸುಲಭಕ್ಕೆ ಸಿಗಲಿಲ್ಲವೆಂದು ಆಮೇಲೆ ಹಾಕೋಣ ಎಂದು ಬಿಟ್ಟಿದ್ದೆ. ಆಮೇಲೆ ಕನ್ನಡದ ಒತ್ತು ಕಳಚಿದ ಗಾಬರಿಯಲ್ಲಿ ಆ ಸಾಲಿನ ಕಡೆ ಕಣ್ಣೇ ಹೋಗಲಿಲ್ಲ. ನಮ್ಮ ಭಾಷೆಯ ತಪ್ಪು ಕಣ್ಣಿಗೆ ಕಸ ಬಿದ್ದಂತೆ ಚುಚ್ಚುತ್ತದೆ. ಇನ್ನೊಬ್ಬರ ಭಾಷೆಯ ತಪ್ಪು ಹೂಬಳ್ಳಿಯ ಚಿತ್ತಾರದಂತೆ ಚೆನ್ನಾಗಿಯೇ ಕಾಣುತ್ತದೆ. ಅವರ ಹಬ್ಬಕ್ಕೆ ಅಂಗಿ ಮಾಡಿಸಲು ಹೋಗಿ ನಮ್ಮ ಒತ್ತನ್ನು ಕಾಪಾಡಿ, ಅವರ ದೀರ್ಘವನ್ನು ನುಂಗಿಬಿಟ್ಟಿದ್ದೆ.

ಹೆಂಡತಿ ಬಟ್ಟೆಯ ಮೇಲೆ ಬರೆಯುವ ಬಿಳಿ ಪೆನ್ನು ಎರಡು ಹುಡುಕಿ ತಂದಳು. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಗುಂಪಿನ ಮಕ್ಕಳನ್ನೆಲ್ಲ ಕೂರಿಸಿದೆವು. 25 ಅಂಗಿ, ಅಂಗಿಗೆ ಮೂರರಂತೆ 75 ದೀರ್ಘ. ಮಗಳು ಮೇಸ್ತ್ರಿ. “ಕೆಳಗಿಂದ ಮೇಲಕ್ಕೆ ಎಳೀರಿ, ಬಲಕ್ಕೆ ವಾಲಬೇಕು” ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದಳು. ಮೂವತ್ತನೇ ಅಂಗಿಯೋ ಎನ್ನುವಷ್ಟು ದಣಿದು ಹನ್ನೆರಡನೇ ಅಂಗಿಗೆ ಬಂದಾಗ, “ಕನ್ನಡದಲ್ಲಿ ಫದ ಎಲ್ಲಿ ಹಾಕ್ತಾರಪ್ಪಾ?” ಎಂದಳು. ಎರಡು ವರ್ಷದಿಂದ ಭಾನುವಾರ ಭಾನುವಾರ ಗುದ್ದಾಡಿದರೂ ಅವಳ ತಲೆಗೆ ಹೋಗದ ದೀರ್ಘ, ಆ ರಾತ್ರಿ ಪೇಪರಿನ ಅಂಚಿನಲ್ಲಿ ಎರಡು ನಿಮಿಷದಲ್ಲಿ ಹೋಯಿತು. ಕಿ ಬರೆದಳು, ಪಕ್ಕಕ್ಕೊಂದು ಕೊಂಡಿ ಹಾಕಿ ಕೀ ಮಾಡಿದಳು. “ಓ, ನಿಮ್ಮ ಫದ ಪಕ್ಕದಲ್ಲಿ ಕೂರುತ್ತೆ” ಎಂದಳು.

ಮರುದಿನ ಹತ್ತು ಡಿಗ್ರಿ ಚಳಿ, ಜೊತೆಗೆ ಮುಖಕ್ಕೆ ರಾಚುವ ಸೋನೆ. ಒಂದು ತಿಂಗಳು ಬಣ್ಣ, ಎಲೆ, ಅಕ್ಷರ ಎಂದು ಜಗಳವಾಡಿದ ನಮ್ಮಲ್ಲಿ ಒಬ್ಬರಿಗೂ, ಈ ದೇಶದ ಮಾರ್ಚಿನಲ್ಲಿ ಟೀ ಶರ್ಟು ಜಾಕೆಟ್ಟಿನ ಒಳಗಿರುತ್ತದೆ ಎಂಬುದು ಹೊಳೆದಿರಲಿಲ್ಲ. ಖಜಾಂಚಿ ಮಾತ್ರ ಹೊರಗೆ ಕಾಣುತ್ತಿದ್ದರು. ಮುಂದೆ ಮೈ ಬಂದರೂ ಆಗಲಿ ಎಂದು ಎರಡು ಸೈಜು ದೊಡ್ಡದು ತೆಗೆದುಕೊಂಡಿದ್ದ ಅವರು ಜಾಕೆಟ್ಟಿನ ಮೇಲೆಯೇ ಅಂಗಿ ತೊಟ್ಟು ಬಂದಿದ್ದರು, ತಲೆದಿಂಬಿಗೆ ಕವರು ಹಾಕಿದಂತೆ. ಉಳಿದವರು ಅಂಗಿಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ನಡೆದೆವು, ಒಣಹಾಕಲು ಹೊರಟವರ ಹಾಗೆ. ಲಾರಿಯ ಮೇಲೆ ಮೈಕು ಹಿಡಿದಿದ್ದವನು ಚೀಟಿ ನೋಡಿ, ‘ಕೆನಡಾದಿಂದ ಬಂದ ನಮ್ಮ ಗೆಳೆಯರು’ ಎಂದು ಸಾರಿದ. ಒಂದು ಒತ್ತು ತಪ್ಪಿದರೆ ಮನುಷ್ಯ ಅಟ್ಲಾಂಟಿಕ್ಕನ್ನೇ ದಾಟಿಬಿಡುತ್ತಾನೆ. ನಾನು ನಕ್ಕು ಕೈಬೀಸಿದೆ. ಹಿಂದಿನ ರಾತ್ರಿ 75 ದೀರ್ಘ ತಿದ್ದಿದವನಿಗೆ ಇನ್ನೊಬ್ಬರ ಒಂದು ಒತ್ತಿನ ಮೇಲೆ ಸಿಟ್ಟಾಗುವ ಹಕ್ಕು ಇರಲಿಲ್ಲ.

ಯೋಚಿಸಿದರೆ ಈ ಹಬ್ಬದ ನಾಯಕನೂ ಐರಿಶ್ ಅಲ್ಲ. ಪ್ಯಾಟ್ರಿಕ್ ಹುಟ್ಟಿದ್ದು ರೋಮನ್ನರ ಕಾಲದ ಬ್ರಿಟನ್ನಿನಲ್ಲಿ. ಹದಿನಾರರ ಹುಡುಗನನ್ನು ಐರಿಶ್ ದಾಳಿಕೋರರು ಹೊತ್ತು ತಂದರು; ಆರು ವರ್ಷ ಇಲ್ಲಿ ದನಕುರಿ ಕಾಯ್ದ, ತಪ್ಪಿಸಿಕೊಂಡು ಊರಿಗೆ ಹೋದ, ಆಮೇಲೆ ತಾನಾಗಿಯೇ ಹಿಂತಿರುಗಿ ಬಂದ. ತನ್ನ ಕಥೆಯನ್ನು ತಾನೇ ಲ್ಯಾಟಿನ್ನಿನಲ್ಲಿ ಬರೆದಿಟ್ಟು, ತನ್ನ ಭಾಷೆ ಒರಟು ಎಂದು ನಾಚಿಕೊಂಡಿದ್ದಾನೆ ಕೂಡ. ಹೊರಗಿನಿಂದ ಬಂದವನೊಬ್ಬನ ಹಬ್ಬಕ್ಕೆ, ಬಾಂಗ್ಲಾದೇಶದಲ್ಲಿ ಹೊಲಿದ ಅಂಗಿಯ ಮೇಲೆ, ಪೋಲೆಂಡಿನವನು ಒತ್ತಿದ ಕನ್ನಡ ಅಕ್ಷರ ಹಿಡಿದು ನಡೆದ ನಾವು ಮೆರವಣಿಗೆಗೆ ಅಷ್ಟೇನೂ ಹೊರಗಿನವರಲ್ಲ.

ಹೆಚ್ಚಾಗಿದ್ದ ಮೂರು ಅಂಗಿಗಳಲ್ಲಿ ಒಂದು ತಿಪಟೂರಿಗೆ ಹೋಯಿತು. ಅಮ್ಮ ಅದನ್ನು ತೋಟಕ್ಕೆ ಹೋಗುವಾಗ ಸೀರೆಯ ಮೇಲೆ ತೊಡುತ್ತಾರಂತೆ. ಒಂದನ್ನು ಖಜಾಂಚಿ ಮುಂದಿನ ವರ್ಷಕ್ಕೆಂದು ಬೀರುವಿನಲ್ಲಿಟ್ಟಿದ್ದಾರೆ. ಮೂರನೆಯದನ್ನು ಮಗಳು ಪಕ್ಕದ ಮನೆಯ ಅಜ್ಜಿಗೆ ಕೊಟ್ಟಳು. ಅಜ್ಜಿ ಕನ್ನಡದ ಸಾಲಿನ ಮೇಲೆ ಬೆರಳಾಡಿಸಿ ಜಿಲೇಬಿಯಂತಿದೆ ಎಂದರು. ಆಮೇಲೆ ಐರಿಶ್ ಸಾಲಿಗೆ ಬಂದು, ಅಂಕುಡೊಂಕಾದ ಮೂರು ಗೆರೆಗಳ ಮೇಲೆ ಬೆರಳು ನಿಲ್ಲಿಸಿ, “ಇದು ಅಚ್ಚಿನದಲ್ಲ, ಕೈಯಲ್ಲಿ ಬರೆದದ್ದು” ಎಂದರು. ಅಷ್ಟೇ ಹೇಳಿ ಅಂಗಿ ಮಡಚಿಕೊಂಡು ಒಳಗೆ ಹೋದರು.

ನೀವೂ ಎಂದಾದರೂ ಇನ್ನೊಬ್ಬರ ಹಬ್ಬಕ್ಕೆ ಅಂಗಿ ಮಾಡಿಸುವುದಾದರೆ ನನ್ನದು ಎರಡೇ ಮಾತು. ಅಚ್ಚಿಗೆ ಕಳಿಸುವ ಮುಂಚೆ ಆ ಊರಿನ ಶಾಲೆಗೆ ಹೋಗುವ ಮಗುವಿಗೆ ಒಮ್ಮೆ ತೋರಿಸಿ. ಮತ್ತು ಸೈಜು, ಖಜಾಂಚಿಗಳ ಹಾಗೆ, ಎರಡು ದೊಡ್ಡದೇ ತೆಗೆದುಕೊಳ್ಳಿ.